ಹಂದಿಗೆಂದು ಕೇಳಿದವನಿಗೆ ಕಡವೆಯ ಗುಂಡು

ಕೋವಿ ಎಂದು ಒತ್ತಿದರೆ ಈ ಫೋನು ತಾನಾಗಿಯೇ ಕೋವಿಡ್ ಎಂದು ಬರೆದುಬಿಡುತ್ತದೆ. ಅಳಿಸಿ ಅಳಿಸಿ ನನಗೆ ಸಾಕಾಯಿತು, ಕೊನೆಗೆ ಅದಕ್ಕೂ ಸಾಕಾಯಿತು. ಮುಂದೆಲ್ಲಾದರೂ ನಾನು ಮೂಡಿಗೆರೆಯಲ್ಲಿ ಕೋವಿಡ್ ಮಾರುತ್ತಿದ್ದೆ ಎಂದು ಕಂಡರೆ ಗಾಬರಿಯಾಗಬೇಡಿ. ನಾನು ಮಾರುತ್ತಿದ್ದದ್ದು ಕೋವಿಗೆ ಹಾಕುವ ತೋಟೆ. ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ಹಿಂದೆ ಕೇಪು, ಮುಂದೆ ಗುಂಡು. ಪೇಟೆಯವರು ಕಾಟ್ರಿಜ್ ಅನ್ನುತ್ತಾರೆ, ನಮ್ಮ ಕಡೆ ತೋಟೆ.

ಅಂಗಡಿ ಹಸನ್ ಸಾಹೇಬರದ್ದು. ಅವರ ಮೊಮ್ಮಗಳು ಶಬಾನಾ ಈಗ ನನ್ನ ಕುರ್ಚಿಯಲ್ಲಿ ಕೂರುತ್ತಾಳೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟವಳೂ ಅವಳೇ. ಹೇಳಿಕೊಟ್ಟು ಸುಮ್ಮನಿರಲಿಲ್ಲ. ಯಾವ ಪ್ರಾಣಿಗೆ ಯಾವ ತೋಟೆ, ಯಾವ ಕೋವಿಗೆ ಯಾವ ಗುಂಡು ಎಂದು ನನಗೆ ಗೊತ್ತಿರುವುದನ್ನೆಲ್ಲ ಬರೆದು ಕಳಿಸಿ ಎಂದು ಬೆನ್ನು ಹತ್ತಿದ್ದಾಳೆ. ಬಿ.ಕಾಂ. ಓದಿದ ಹುಡುಗಿ, ಲೆಕ್ಕ ಗೊತ್ತು, ಕಂಪ್ಯೂಟರ್ ಗೊತ್ತು, ಗುಂಡಿನ ಮೂತಿ ಗೊತ್ತಿಲ್ಲ. ಬರೆಯುತ್ತೇನೆ ಶಬಾನಾ. ಆದರೆ ನನ್ನ ಕೆಲಸ ನೆನೆದರೆ ಮೊದಲು ನೆನಪಿಗೆ ಬರುವುದು ತೋಟೆಯಲ್ಲ, ನಾಚಿಕೆ. ಎರಡೂ ಸೇರಿಯೇ ಬರುತ್ತವೆ, ನೀನೇ ಬೇರೆ ಮಾಡಿಕೋ.

ನಾನು ಸೇರಿದಾಗ ಸಾಹೇಬರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಇದ್ದ ಗುಮಾಸ್ತ ಶುಂಠಿ ಬೆಳೆಯುತ್ತೇನೆಂದು ಬಿಟ್ಟುಹೋಗಿದ್ದ. ನಾನು ಪಿಯುಸಿ ಫೇಲು, ಅದೂ ಇಂಗ್ಲಿಷಿನಲ್ಲೇ. ಆದರೆ ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಡಬ್ಬಿ ಕೈಗೆ ಕೊಟ್ಟು ಓದು ಅಂದರು. ಗಡಗಡನೆ ಓದಿದೆ, ಒಂದಕ್ಷರ ಅರ್ಥವಾಗಲಿಲ್ಲ. ಓದಲು ಬಂದರೆ ಸಾಕು, ಅರ್ಥ ನಾನು ಹೇಳುತ್ತೇನೆ ಅಂದರು.

ಅರ್ಥ ಹೇಳುವ ಮೊದಲೇ ನಾನು ನನ್ನ ಬುದ್ಧಿ ಓಡಿಸಿದ್ದೆ. ರೈಫಲ್ಲಿನ ತೋಟೆಗಳಲ್ಲಿ ಎರಡು ಬಗೆ. ಒಂದರ ಗುಂಡಿಗೆ ತುದಿಯವರೆಗೂ ತಾಮ್ರದ ಹೊದಿಕೆ. ಇನ್ನೊಂದರ ತುದಿಯಲ್ಲಿ ತಾಮ್ರ ಇಲ್ಲ, ಬೂದು ಬಣ್ಣದ ಸೀಸ ಇಣುಕುತ್ತದೆ. ನಾನು ಸೀಸ ಇಣುಕಿದ್ದನ್ನೆಲ್ಲ ಕಲಾಯಿ ಹೋದ ಪಾತ್ರೆಯ ಹಾಗೆ ಹೊದಿಕೆ ಹೋದದ್ದೆಂದು ಬಗೆದು ಬೇರೆ ತೆಗೆದಿಟ್ಟೆ. ಮೇಲೆ ಡ್ಯಾಮೇಜ್ ಎಂದು ಬರೆದು, ಕೇಳಿದವರಿಗೆ ಕಡಿಮೆ ಬೆಲೆಗೆ ಕೊಟ್ಟೆ. ಕೊಂಡುಹೋದ ಪ್ಲಾಂಟರ್ ಮರುದಿನ ತನ್ನ ಭಾವನನ್ನೂ ಭಾವನ ಅಣ್ಣನನ್ನೂ ಕರೆದುಕೊಂಡು ಬಂದ. ಡ್ಯಾಮೇಜಿನದ್ದು ಇನ್ನೂ ಇದೆಯಾ ಎಂದು ಬಹಳ ಪ್ರೀತಿಯಿಂದ ವಿಚಾರಿಸಿದರು. ಸಾಹೇಬರು ನಮಾಜು ಮುಗಿಸಿ ಬಂದು ಆ ಡಬ್ಬಿ ನೋಡಿದರು. ಸ್ಟೂಲಿನ ಮೇಲೆ ಕೂತರು. ಬೈಗುಳಕ್ಕೆ ಕಾದು ನಿಂತಿದ್ದೆ, ಅವರು ಕೆಮ್ಮು ಬರುವವರೆಗೆ ನಕ್ಕರು. ಅಂಗಡಿಯಲ್ಲೇ ದುಬಾರಿ ಮಾಲು ಅದು.

ಆ ಭಾನುವಾರ ಸಾಹೇಬರು ತಮ್ಮ ಹೆಂಡತಿಯನ್ನೂ ನನ್ನನ್ನೂ ಜೀಪಿನಲ್ಲಿ ಅವರ ತಮ್ಮನ ಎಸ್ಟೇಟಿಗೆ ಕರೆದುಕೊಂಡು ಹೋದರು. ಗೊನೆ ಕಡಿದ ಎರಡು ಬಾಳೆಗಳ ಮುಂದೆ ನಿಲ್ಲಿಸಿ, ಎರಡಕ್ಕೂ ಒಂದೊಂದು ಈಡು ಹೊಡೆದರು. ತಾಮ್ರ ಮುಚ್ಚಿದ ಗುಂಡು ಈ ಕಡೆ ಪೆನ್ಸಿಲ್ ಹೋಗುವಷ್ಟು ತೂತು ಮಾಡಿ, ಆ ಕಡೆಯೂ ಅಷ್ಟೇ ತೂತು ಮಾಡಿ ಹೊರಟುಹೋಗಿತ್ತು. ಸೀಸ ಇಣುಕುವ ಗುಂಡು ಈ ಕಡೆ ಪೆನ್ಸಿಲ್ಲಿನ ತೂತು, ಆ ಕಡೆ ನನ್ನ ಮುಷ್ಟಿ ಹಿಡಿಸುವ ಗುಳಿ. ಮುಷ್ಟಿ ಹಾಕಿ ನೋಡಿದೆ. ತಣ್ಣಗೆ ನೀರು ಸೋರುತ್ತಿತ್ತು. ಖುಷಿಯಾಗಿ ನಕ್ಕೆ. ಸಾಹೇಬರ ಹೆಂಡತಿ ಮಾತ್ರ ಮುಖ ತಿರುಗಿಸಿ ಜೀಪಿನಲ್ಲಿ ಹೋಗಿ ಕೂತರು. ಅವರ ಕಣ್ಣಿಗೆ ಕಂಡದ್ದು ಬಾಳೆಯಲ್ಲ ಎಂದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಅವು ಗಟ್ಟಿ ಮೂತಿ, ಮೆತ್ತನೆ ಮೂತಿ. ಶಬಾನಾ, ಇದೊಂದು ಗೊತ್ತಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಮೆತ್ತನೆಯದು ಮೈಯೊಳಗೆ ಹೊಕ್ಕ ಕೂಡಲೇ ಅಣಬೆಯ ಹಾಗೆ ಅರಳಿ, ತನ್ನ ಬಲವನ್ನೆಲ್ಲ ಅಲ್ಲೇ ಬಿಡುತ್ತದೆ. ಪ್ರಾಣಿ ಇದ್ದಲ್ಲೇ ಬೀಳುತ್ತದೆ, ಸುತ್ತಲಿನ ಮಾಂಸ ರಕ್ತ ಕಟ್ಟಿ ಹಾಳಾಗುತ್ತದೆ. ಗಟ್ಟಿಯದು ತೂರಿಕೊಂಡು ಹೋಗುತ್ತದೆ. ಮಾಂಸ ಉಳಿಯುತ್ತದೆ, ಆದರೆ ಪ್ರಾಣಿ ನಿಲ್ಲುವುದಿಲ್ಲ. ಕಡವೆಯಂಥ ದೊಡ್ಡ ಜಿಂಕೆ ಗಟ್ಟಿ ಗುಂಡು ತಿಂದರೆ ಓಡುತ್ತದೆ, ಹಿಂದೆ ಜನ ಓಡುತ್ತಾರೆ. ಹಂದಿ ತಿಂದರೆ ಓಡುವುದಿಲ್ಲ, ಹೊಡೆದವನ ಕಡೆಗೇ ಬರುತ್ತದೆ. ಅದಕ್ಕೇ ಹಂದಿಗೆ ಯಾವಾಗಲೂ ಮೆತ್ತನೆಯದು. ಸಾಹೇಬರು ಇದನ್ನು ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು.

ಬೇರೆ ಪಾಠಗಳೂ ಇದ್ದವು. ನಮ್ಮ ಮಳೆಗೆ ತೋಟೆ ಹಸಿರುಗಟ್ಟುತ್ತದೆ, ಹಸಿರು ಕಂಡದ್ದನ್ನು ಯಾರಿಗೂ ಕೊಡಬಾರದು. ಕಳಸದ ಕಡೆಯ ಒಬ್ಬರು ತೇವ ತಾಗಬಾರದೆಂದು ತೋಟೆಯ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕ ಇಟ್ಟಿದ್ದರು. ಅವರ ಮನೆಯಾಕೆ ಒಂದು ದಿನ ತಡಕಾಡಿ ತಪ್ಪು ಡಬ್ಬಿ ಇಳಿಸಿ, ಎಣ್ಣೆ ಕಾಯುತ್ತಿದ್ದ ಒಲೆಯ ಪಕ್ಕ ಮುಚ್ಚಳ ತೆಗೆದರಂತೆ. ಮರುದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಆಕೆ ನನ್ನ ಮುಂದೆಯೇ ಗಂಡನಿಗೆ, ಇನ್ನು ಮನೇಲಿ ಒಂದೋ ಹಪ್ಪಳ ಇರ್ಬೇಕು, ಒಂದೋ ಇದು ಇರ್ಬೇಕು ಅಂದರು. ಈಗ ಕಂಪ್ಯೂಟರಿನಲ್ಲಿ ಎಲ್ಲ ಏರಿಸಬೇಕು, ಡಬ್ಬಿಯ ನಂಬರಿನಿಂದ ಹಿಡಿದು ಕೊಂಡವನ ಬೆರಳಚ್ಚಿನವರೆಗೆ. ಆಗ ಸಾಹೇಬರು ತೋಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮದ್ದಿನ ಸದ್ದು ಕೇಳಿ ಕೊಡುತ್ತಿದ್ದರು.

ಇನ್ನು ಅಂಗಡಿಯ ರೂಢಿಯ ವಿಷಯ. ಕಡವೆ, ಜಿಂಕೆ, ಕಾಡುಕುರಿ ಯಾವುದನ್ನೂ ಹೊಡೆಯುವ ಹಾಗಿಲ್ಲ. ನಾನು ಸೇರುವುದಕ್ಕೂ ಮೊದಲೇ ಕಾನೂನು ಬಂದಿತ್ತು. ಲೈಸೆನ್ಸ್ ಕೊಡುವುದು ಬೆಳೆ ಕಾಯಲು. ಆದ್ದರಿಂದ ನಮ್ಮ ಕೌಂಟರಿನಲ್ಲಿ ಒಂದೇ ಒಂದು ಪ್ರಾಣಿಯ ಹೆಸರು ಕೇಳಿಬರುತ್ತಿತ್ತು: ಹಂದಿ. ಎಲ್ಲರೂ ಹಂದಿಗೆ ಅನ್ನುತ್ತಿದ್ದರು. ನಾನು ಕನ್ನಡಕದ ಮೇಲಿಂದ ನೋಡಿ, ಕೊಂಬಿರೋ ಹಂದಿಗೋ ಕೊಂಬಿಲ್ಲದ ಹಂದಿಗೋ ಎಂದು ಕೇಳುತ್ತಿದ್ದೆ. ಕೊಂಬಿರೋ ಹಂದಿ ಎಂದರೆ ಕಡವೆ, ಮಾಂಸ ಕೆಡಬಾರದೆಂದು ಅದಕ್ಕೆ ಗಟ್ಟಿ ಮೂತಿ. ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಸಾಹೇಬರು ಕಣ್ಣು ದೊಡ್ಡದು ಮಾಡುತ್ತಿದ್ದರು, ಆದರೆ ಅವರ ಗಡ್ಡದೊಳಗೂ ನಗು ಇರುತ್ತಿತ್ತು. ಊರಲ್ಲಿ ನನ್ನ ಹೆಸರು ಹಬ್ಬಿತ್ತು. ಗಿರಿಜಕ್ಕಂಗೆ ಬಾಯಿ ಬಿಟ್ಟು ಹೇಳೋದೇ ಬೇಡ, ಅವ್ರಿಗೇ ಗೊತ್ತಾಗ್ತದೆ ಅನ್ನುತ್ತಿದ್ದರು. ಆ ಹೊಗಳಿಕೆಗೆ ನಾನು ಬಹಳ ಉಬ್ಬಿದ್ದೆ.

ನನಗೆ ಗೊತ್ತಾಗುತ್ತಿದ್ದ ದಾರಿಯೇನೂ ದೊಡ್ಡದಲ್ಲ. ದೊಡ್ಡ ಎಸ್ಟೇಟಿನ ಯಜಮಾನರು ತಾವು ಬರುತ್ತಿರಲಿಲ್ಲ, ಡ್ರೈವರನನ್ನೋ ತೋಟದ ಲೆಕ್ಕ ಬರೆಯುವ ರೈಟರನನ್ನೋ ಲೈಸೆನ್ಸ್ ಪುಸ್ತಕ ಕೊಟ್ಟು ಕಳಿಸುತ್ತಿದ್ದರು. ಪುಸ್ತಕ ಬಿಚ್ಚಿದರೆ ಯಜಮಾನರ ಹೆಸರು. ಯಾರ ಮನೆಗೆ ಯಾವುದು ಮಾಮೂಲಿ ಎಂದು ನನ್ನ ಕೈಗೇ ಗೊತ್ತಿತ್ತು. ಹೆಸರು ಓದುತ್ತಿದ್ದ ಹಾಗೆ ಕೈ ಕಪಾಟಿಗೆ ಹೋಗುತ್ತಿತ್ತು. ಎದುರು ನಿಂತವನನ್ನು ಕೇಳುವ ಪ್ರಮೇಯವೇ ಇರಲಿಲ್ಲ. ಅವನು ಬರೀ ಪುಸ್ತಕ ತಂದವನು.

ಒಂದು ಬೇಸಿಗೆಯಲ್ಲಿ ಒಂದು ಕಡವೆ ಗಟ್ಟಿ ಗುಂಡು ತಿಂದು ಓಡಿ, ಎರಡು ಎಸ್ಟೇಟು ದಾಟಿ, ಕೂಲಿಲೈನು ಎನ್ನುವ ಆಳುಗಳ ಸಾಲುಮನೆಯವರು ಕುಡಿಯುವ ನೀರಿನ ತೊಟ್ಟಿಯ ಹಿಂದಿನ ಹಳ್ಳದಲ್ಲಿ ಬಿದ್ದು ಸತ್ತಿತ್ತು. ತೊಟ್ಟಿಗೆ ನೀರು ಬರುತ್ತಿದ್ದದ್ದು ಅದೇ ಹಳ್ಳದಿಂದ. ಯಾರಿಗೂ ತಿಳಿಯಲಿಲ್ಲ. ಮಕ್ಕಳಿಗೆ ವಾಂತಿ ಭೇದಿ ಶುರುವಾದ ಮೇಲೆ ಹುಡುಕಿದರು. ಲೈನಿನ ಹೆಂಗಸೊಬ್ಬಳು ಸಂತೆಗೆ ಬಂದಾಗ ಅಂಗಡಿಯ ಜಗಲಿಯ ಮೇಲೆ ಕೂತು ಇದನ್ನು ಹೇಳಿದಳು. ಗುಂಡಿನ ತೂತು ಬೆರಳಷ್ಟೇ ಇತ್ತಂತೆ. ನನಗೆ ಆ ತೂತಿನ ಪರಿಚಯ ಇತ್ತು, ಆ ತೋಟೆ ಯಾರ ಮನೆಗೆ ಹೋಗಿತ್ತು ಎಂಬುದರ ಪರಿಚಯವೂ ಇತ್ತು. ಅವಳಿಗೆ ಕುಡಿಯಲು ನೀರು ಕೊಟ್ಟೆ. ಬೇರೆ ಮಾತಾಡಿದೆ. ಸಂಜೆ ಗಿರಾಕಿ ಬಂದಾಗ ಕೊಂಬಿನ ಹಂದಿಯ ತಮಾಷೆಯನ್ನು ಮತ್ತೆ ಮಾಡಿದೆ.

ಸುಂದರ ಬಂದದ್ದು ಅದಾದ ಮೇಲೆ. ಬಾಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ, ಕಾಫಿ ಹಣ್ಣಿನ ತೂಕ ಬರೆಯುವವನು. ಆ ಎಸ್ಟೇಟಿನ ಗೌಡರು ಕಡವೆ ಮಾಂಸಕ್ಕೆ ಹೆಸರಾದವರು. ಅವರ ರೈಫಲ್ ಹಿಡಿಯಲು ಸುಂದರನ ಹೆಸರನ್ನು ಹೊಸದಾಗಿ ಲೈಸೆನ್ಸಿಗೆ ಸೇರಿಸಿದ್ದರು. ಕಾರಣವನ್ನು ನಾನು ಆಮೇಲೆ ತಿಳಿದದ್ದು. ಹಂದಿಯೊಂದು ಲೈನಿನವರ ಗೆಣಸಿನ ಪಾತಿಗಳನ್ನೆಲ್ಲ ಉತ್ತುಹಾಕಿ, ಹಣ್ಣು ಕೊಯ್ಯುತ್ತಿದ್ದ ಹೆಂಗಸೊಬ್ಬಳನ್ನು ಕೆಡವಿತ್ತು. ಅರಣ್ಯ ಇಲಾಖೆಯಿಂದ ಹಂದಿಗೆ ಅನುಮತಿಯೂ ಸಿಕ್ಕಿತ್ತು. ಲೈನಿನವರೆಲ್ಲ ಸೇರಿ, ನೀನೇ ಏನಾದರೂ ಮಾಡು ಎಂದು ಸುಂದರನಿಗೆ ದುಂಬಾಲು ಬಿದ್ದಿದ್ದರು.

ಅವತ್ತು ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವನು ಅವರ ಹಿಂದೆ ನಿಂತು, ಸರದಿ ಬಂದಾಗ ಪುಸ್ತಕ ಮುಂದಿಟ್ಟ.

"ಹಂದಿಗೆ ಬೇಕಿತ್ತು ಅಕ್ಕ. ನಂಗೆ ಇದೆಲ್ಲ ಗೊತ್ತಿಲ್ಲ, ಯಾವ್ದು ಒಳ್ಳೇದು ಅಂತ ನೀವೇ ನೋಡಿ ಕೊಡಿ."

ಪುಸ್ತಕ ಬಿಚ್ಚಿದೆ. ಗೌಡರ ಹೆಸರು. ಕೈ ಗಟ್ಟಿ ಮೂತಿಯ ಡಬ್ಬಿಗೆ ಹೋಯಿತು. ಇಂಥ ಹೊಸಬನೂ ಎಷ್ಟು ಚೆನ್ನಾಗಿ ನಾಟಕ ಆಡುತ್ತಾನಲ್ಲ ಎಂದುಕೊಂಡು, ಕೊಂಬಿರೋ ಹಂದಿಗಲ್ವಾ ಅಂದೆ. ಆ ಇಬ್ಬರು ನಕ್ಕರು. ಹೊಸ ಜಾಗದಲ್ಲಿ ದೊಡ್ಡವರು ನಕ್ಕರೆ ಸಣ್ಣವರೂ ನಗಬೇಕಲ್ಲ, ಅವನೂ ನಕ್ಕ. ನಾನು ಕಟ್ಟಿ ಕೊಟ್ಟೆ.

ನಾಲ್ಕಾರು ದಿನ ಕಳೆದು ಅದೇ ಎಸ್ಟೇಟಿನ ಮೇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಬಂದ. ಸುಂದರ ಆಸ್ಪತ್ರೆಯಲ್ಲಿದ್ದಾನೆ ಅಂದ. ಮುಸ್ಸಂಜೆ ಹಂದಿ ಗೆಣಸಿನ ಪಾತಿಗೆ ಇಳಿದಾಗ ಸುಂದರ ಹೊಡೆದ. ಗುಂಡು ಎದೆಗೇ ಬಿತ್ತು. ಹಂದಿ ಒಮ್ಮೆ ಕುಸಿದು, ಎದ್ದು, ನೇರ ಅವನ ಮೇಲೆ ಬಂತು. ಎರಡನೇ ತೋಟೆ ಏರಿಸುವಷ್ಟು ಹೊತ್ತು ಸಿಗಲಿಲ್ಲ. ತೊಡೆಯನ್ನು ಮಂಡಿಯವರೆಗೆ ಸೀಳಿತ್ತು. ಬೆಳಿಗ್ಗೆ ನೋಡಿದರೆ ಹಂದಿ ಕೆಳಗಿನ ಹಳ್ಳದಲ್ಲಿ ಸತ್ತು ಬಿದ್ದಿತ್ತು.

"ಸೂಜಿ ಹೋದಂಗೆ ಹೋಗಿದೆ ಅಕ್ಕ ಗುಂಡು, ಈ ಕಡೆಯಿಂದ ಆ ಕಡೆಗೆ," ಅಂದ ಮೇಸ್ತ್ರಿ. "ಅವ್ನ ಗುರಿಯೇನೂ ತಪ್ಪಿಲ್ಲ."

ಸಾಹೇಬರು ನನ್ನನ್ನು ನೋಡಲಿಲ್ಲ. ಕಪಾಟು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಸುಂದರನ ಜೇಬಿನಲ್ಲಿ ಉಳಿದಿದ್ದ ತೋಟೆಗಳನ್ನು ಅರಣ್ಯದ ರೇಂಜರ್ ತೆಗೆದುಕೊಂಡು ಹೋಗಿದ್ದರು. ಗಟ್ಟಿ ಮೂತಿಯದನ್ನು ಯಾರು ಒಯ್ಯುತ್ತಾರೆ, ಯಾಕೆ ಒಯ್ಯುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಹಂದಿಯ ಅನುಮತಿ ಇಟ್ಟುಕೊಂಡು ಇವನು ಕಡವೆಗೆ ಕೂತಿದ್ದ, ಹಂದಿ ಅಡ್ಡ ಬಂತು ಎಂಬುದು ಅವರ ಲೆಕ್ಕ. ಕೇಸಾದರೆ ಸುಂದರನಿಗೆ ಜೈಲು. ಜೈಲು ತಪ್ಪಿದರೂ ಕೆಲಸ ಉಳಿಯುವುದಿಲ್ಲ, ಕೆಲಸ ಹೋದರೆ ಹೆಂಡತಿ ಮತ್ತು ಎರಡು ಹೆಣ್ಣುಮಕ್ಕಳಿರುವ ಲೈನುಮನೆಯೂ ಹೋಗುತ್ತದೆ. ಗೌಡರು ಸಾಹೇಬರಿಗೆ ಫೋನು ಮಾಡಿ, ಗಟ್ಟಿದೇ ಬೇಕು ಅಂತ ಸುಂದರನೇ ಕೇಳಿದ ಎಂದು ಹೇಳಿಬಿಡಿ ಅಂದರಂತೆ. ಹಾಗೆ ಹೇಳಿದರೆ ಗೌಡರ ಮನೆಯ ಮಾಮೂಲಿ ಹೊರಗೆ ಬರುವುದಿಲ್ಲ. ಎಲ್ಲವೂ ಹಾಸಿಗೆಯ ಮೇಲೆ ಮಲಗಿರುವವನ ತಲೆಗೆ.

ಸಾಹೇಬರು ಆ ಮಾತನ್ನು ನನಗೆ ಹೇಳಿದರು. ಹೇಳಿ, "ನಿಮ್ಮ ಬಾಯಿಗೆ ನಾನು ಮಾತು ಹಾಕಲ್ಲ ಗಿರಿಜಮ್ಮ," ಅಂದರು. ನಿಜ ಹೇಳಿದರೆ ಅಂಗಡಿಗೆ ಬೀಗ ಎಂದು ಅವರಿಗೂ ಗೊತ್ತಿತ್ತು. ಇವನು ಹಂದಿ ಅಂದ, ನಾನು ಕಡವೆ ಎಂದು ತಿಳಿದು ಕೊಟ್ಟೆ ಎಂದರೆ, ಉಳಿದ ದಿನಗಳಲ್ಲಿ ಏನು ತಿಳಿದು ಕೊಡುತ್ತಿದ್ದೆ ಎಂಬ ಪ್ರಶ್ನೆ ಬರದೇ ಇರುತ್ತದೆಯೇ?

ರೇಂಜರ್ ಸಣ್ಣ ವಯಸ್ಸಿನವರು, ಮರ್ಯಾದಸ್ಥರು. ಉಳಿದ ತೋಟೆಗಳನ್ನು ಕೌಂಟರಿನ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಬಾಗಿಲಲ್ಲಿ ಪಕ್ಕದ ಗ್ಯಾರೇಜಿನವರಿದ್ದರು.

"ಇದನ್ನ ಅವ್ನೇ ಕೇಳಿದ್ನಾ?"

"ಇಲ್ಲ ಸಾರ್. ಹಂದಿಗೆ ಅಂದ. ಕೊಟ್ಟದ್ದು ನಾನು."

"ಹಂದಿಗೆ ಇದನ್ನ ಕೊಡ್ತಾರಾ?"

ನನ್ನ ಮುಂದಿನ ಮಾತಿಗೆ ಎಲ್ಲರೂ ಕಾದಿದ್ದರು. ನಾನು ತೋಟೆಯೊಂದನ್ನು ಎತ್ತಿ, ಕನ್ನಡಕ ಸರಿ ಮಾಡಿಕೊಂಡು, ಮೊದಲ ಸಲ ನೋಡುವವಳ ಹಾಗೆ ತಿರುಗಿಸಿ ನೋಡಿದೆ.

"ನಂಗೆ ಅದೆಲ್ಲ ಗೊತ್ತಾಗಲ್ಲ ಸಾರ್. ಎಲ್ಲ ಒಂದೇ ಥರ ಕಾಣ್ತವೆ. ಕೈಗೆ ಸಿಕ್ಕಿದ್ದು ಕೊಟ್ಟೆ."

ಅವರು ನನ್ನ ಸೀರೆ ನೋಡಿದರು, ನರೆತ ಕೂದಲು ನೋಡಿದರು. ನಂಬಿದರು. ನಂಬಲು ಅವರಿಗೆ ಕಷ್ಟವೇ ಆಗಲಿಲ್ಲ. ಹೆಂಗಸರನ್ನು ಇಂಥ ಕಡೆ ಕೂರಿಸಿದರೆ ಹೀಗೇ ಆಗುವುದು ಎಂದು ಸಾಹೇಬರಿಗೆ ಬುದ್ಧಿ ಹೇಳಿದರು. ಬಾಳೆಗೆ ಗುಂಡು ಹೊಡೆದು ನನಗೆ ಪಾಠ ಕಲಿಸಿದ್ದ ಸಾಹೇಬರು ತಲೆ ತಗ್ಗಿಸಿ, ಹೌದು ಸಾರ್, ತಪ್ಪಾಯ್ತು ಅಂದರು. ಕೌಂಟರಿನವಳಿಗೆ ತಿಳಿವಳಿಕೆ ಇಲ್ಲದೆ ಆದ ತಪ್ಪು ಎಂದು ವಿಷಯ ಮುಗಿಯಿತು. ಸುಂದರನ ಮೇಲೆ ಕೇಸಾಗಲಿಲ್ಲ. ಕೆಲಸ ಉಳಿಯಿತು, ಮನೆ ಉಳಿಯಿತು.

ಆ ಸುಳ್ಳಿಗೆ ನನಗೆ ನಾಚಿಕೆಯಿಲ್ಲ. ಆಮೇಲೆ ನಡೆದದ್ದಕ್ಕೆ ಇದೆ. ಗಿರಾಕಿಗಳು ಬಂದು ಕಣ್ಣು ಹೊಡೆದರು. ಎಂಥ ನಾಟಕ ಮಾಡಿದ್ರಿ ಮಾರಾಯ್ರೇ, ನಮ್ಮನ್ನೆಲ್ಲ ಉಳಿಸಿದ್ರಿ ಅಂದರು. ನಾನು ಉಳಿಸಲು ಹೊರಟದ್ದು ಒಬ್ಬನನ್ನು, ಉಳಿದದ್ದು ಇಡೀ ರೂಢಿ. ಗೌಡರು ಬಾಳೆ ಎಲೆಯಲ್ಲಿ ಸುತ್ತಿ ಒಂದು ಪೊಟ್ಟಣ ಕಳಿಸಿದರು. ಬಿಚ್ಚಿದರೆ ಮಾಂಸ. ಹಂದಿಯದಲ್ಲ. ತಿರುಗಿಸಿ ಕಳಿಸಬಹುದಿತ್ತು. ಕಳಿಸಲಿಲ್ಲ, ಸಾರು ಮಾಡಿದೆ. ರುಚಿಯಾಗಿತ್ತು ಎಂದು ಬರೆಯಲು ಮುಖವಿಲ್ಲ, ಆದರೆ ರುಚಿಯಾಗಿತ್ತು.

ಅವತ್ತಿನಿಂದ ಪುಸ್ತಕ ತಂದವನ ಹೆಸರು ಕೇಳುವ ಅಭ್ಯಾಸ ಮಾಡಿಕೊಂಡೆ. ಹಂದಿ ಅಂದವರಿಗೆಲ್ಲ ಮೆತ್ತನೆಯದನ್ನೇ ಕೊಟ್ಟೆ. ಅರ್ಧ ತೊಡೆ ಹಾಳಾಯಿತೆಂದು ಕೆಲವರು ಜಗಳಕ್ಕೆ ಬಂದರು. ಯಾವ ಹಂದಿಯ ತೊಡೆ ಎಂದು ಕೇಳಿದೆ. ಕೆಲವರು ಚಿಕ್ಕಮಗಳೂರಿನ ಅಂಗಡಿಗೆ ಹೋದರು. ಸಾಹೇಬರು ತಡೆಯಲಿಲ್ಲ. ಇದನ್ನು ಓದಿ ಕೊನೆಗೂ ಅಜ್ಜಿ ಸರಿಹೋದರು ಎಂದುಕೊಳ್ಳಬೇಡ ಶಬಾನಾ. ಮೆತ್ತನೆ ಗುಂಡಿನಿಂದಲೂ ಕಡವೆ ಸಾಯುತ್ತದೆ, ಇನ್ನೂ ಚೆನ್ನಾಗಿ ಸಾಯುತ್ತದೆ. ನಾನು ಮಾರುವುದನ್ನೇನೂ ನಿಲ್ಲಿಸಲಿಲ್ಲ.

ಸುಂದರ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ರಜೆ ಹಾಕಿ ಹೋದೆ. ಬಾಳೂರಿನವರೆಗೆ ಬಸ್ಸು, ಅಲ್ಲಿಂದ ಆಳುಗಳ ಜೀಪು. ಅವನು ಲೈನುಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಮಂಡಿ ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುಡ್ಡ ಹತ್ತಿ ಇಳಿದು ಹಾಜರಿ ಬರೆಯಲು ಆಗದು, ಇನ್ನು ಮೇಲೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯಲ್ಲಿ ಕೂತು ತೂಕ ಬರೆಯುವ ಕೆಲಸ. ಅವನ ಹೆಂಡತಿ ಒಳಗಿಂದ ಕುರ್ಚಿ ತಂದಿಟ್ಟು, ತನ್ನ ಗಂಡನನ್ನು ಕೇಸಿನಿಂದ ಉಳಿಸಿದವರು ಎಂದು ಪಕ್ಕದ ಮನೆಯವರಿಗೆಲ್ಲ ತೋರಿಸಿದಳು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಅವಳು ಕಾಫಿಗೆ ಒಳಗೆ ಹೋದ ಮೇಲೆ ಸುಂದರ ಕೇಳಿದ. "ಹೌದಾ ಅಕ್ಕ? ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಗೌಡ್ರ ಪುಸ್ತಕ ನೋಡಿ, ಕಡವೆಗೆ ಅಂದ್ಕೊಂಡೆ."

"ನಾನು ಹಂದಿ ಅಂದೆನಲ್ಲ."

"ಎಲ್ರೂ ಹಂದಿ ಅಂತಾರೆ ಸುಂದರ."

"ನನ್ನ ಮುಖ ನೋಡಿದ್ರೆ ಸುಳ್ಳು ಹೇಳೋನ ಥರ ಕಾಣ್ತದಾ?"

"ನಿನ್ನ ಮುಖ ನಾನು ನೋಡ್ಲಿಲ್ಲ."

ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿ ಎಂದೇ ಅಷ್ಟು ದೂರ ಬಂದಿದ್ದೆನೋ ಏನೋ. ಅವನು ಹಾಗೇನೂ ಮಾಡಲಿಲ್ಲ. ಯಾವುದೋ ಸಂಶಯ ಬಗೆಹರಿದವನ ಹಾಗೆ ತಲೆಯಾಡಿಸಿದ. ಆಮೇಲೆ, ಪಾಠದಲ್ಲಿ ತಪ್ಪು ಮಾಡಿದ ಮಗು ಕೇಳುವ ಹಾಗೆ ಕೇಳಿದ.

"ಹಂಗಾದ್ರೆ ನಾನು ಯಾವ್ದು ಅಂತ ಕೇಳ್ಬೇಕಿತ್ತು ಅಕ್ಕ?"

ನಾನು ಹೇಳಿದೆ. ಮೆತ್ತನೆಯದು ಹೇಗೆ ಅರಳುತ್ತದೆ, ಗಟ್ಟಿಯದು ಹೇಗೆ ತೂರುತ್ತದೆ, ಹಂದಿಯ ಹೆಗಲ ಚರ್ಮ ಎಷ್ಟು ದಪ್ಪ, ಅದಕ್ಕೆ ಯಾವ ಮೂತಿ, ತುದಿಯಲ್ಲಿ ಇಣುಕುವ ಸೀಸವನ್ನು ಕಣ್ಣಿನಲ್ಲೇ ಹೇಗೆ ಗುರುತಿಸುವುದು. ಇನ್ನೆಂದೂ ಕೋವಿ ಹಿಡಿಯದವನು ಕಾಲು ನೀವಿಕೊಳ್ಳುತ್ತ, ನಡುವೆ ಹೂಂ ಅನ್ನುತ್ತ, ಪೂರ್ತಿ ಕೇಳಿದ. ಕಾಫಿ ಬರುವಷ್ಟರಲ್ಲಿ ಹೇಳಿ ಮುಗಿದಿತ್ತು. ಅಷ್ಟೇ ಸಣ್ಣ ಮಾತು.